ಅಳತೆ ಬದಲಾದರೂ ಆಕಾರ ಕೆಡಬಾರದು: ಸಿಎಸ್‌ಎಸ್‌ನಲ್ಲಿ ಆಸ್ಪೆಕ್ಟ್ ರೇಷಿಯೋ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಫೋಟೋ ಉದ್ದಕ್ಕೆ ಎಳೆದಂತೆ ಕಾಣುವುದು, ವಿಡಿಯೊದ ಮೇಲೂ ಕೆಳಗೂ ಕಪ್ಪು ಪಟ್ಟಿ ಬರುವುದು, ಓದುತ್ತಿರುವಾಗಲೇ ಪುಟ ಜಿಗಿಯುವುದು. ಇವು ಬೇರೆ ಬೇರೆ ದೂರುಗಳಂತೆ ತೋರಿದರೂ ಬೇರು ಒಂದೇ. ವೆಬ್ ಪುಟ ಕಟ್ಟುವ ಕೆಲಸಕ್ಕೆ ಹೊಸದಾಗಿ ಬಂದವರು ಕೇಳುವ, ಹಳಬರು ಕೇಳಲು ಸಂಕೋಚಪಡುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಪುಟದ ಪಠ್ಯ, ಚಿತ್ರಗಳನ್ನು ಟ್ಯಾಗ್‌ಗಳಲ್ಲಿ ಇಡುವುದು ಎಚ್‌ಟಿಎಂಎಲ್, ಅವು ಹೇಗೆ ಕಾಣಬೇಕು ಎಂದು ಹೇಳುವುದು ಸಿಎಸ್‌ಎಸ್. ಸಿಎಸ್‌ಎಸ್‌ನ ಸೂಚನೆಗಳಾದ ಪ್ರಾಪರ್ಟಿಗಳ ಹೆಸರನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಬರೆದಿದೆ. ಕೋಡ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ, ನಡುವಿನ ಅಡ್ಡಗೆರೆ ಸಮೇತ, ಬರೆಯಬೇಕು.

ಆಸ್ಪೆಕ್ಟ್ ರೇಷಿಯೋ ಎಂದರೆ ಏನು?

ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ, ಅಷ್ಟೇ. ಭಾರತದ ಧ್ವಜ ಸಂಹಿತೆ ಇದಕ್ಕೆ ಒಳ್ಳೆಯ ಉದಾಹರಣೆ. ಅದು ರಾಷ್ಟ್ರಧ್ವಜಕ್ಕೆ 9 ಅಳತೆಗಳನ್ನು ಗೊತ್ತುಮಾಡಿದೆ. ಎಲ್ಲಕ್ಕಿಂತ ದೊಡ್ಡದು 6300 × 4200 ಮಿ.ಮೀ., ಎಲ್ಲಕ್ಕಿಂತ ಚಿಕ್ಕದು 150 × 100 ಮಿ.ಮೀ. ಯಾವುದನ್ನು ಭಾಗಿಸಿದರೂ ಉತ್ತರ 3:2.

ಈ ಧ್ವಜದ 900 × 600 ಪಿಕ್ಸೆಲ್‌ಗಳ ಚಿತ್ರವೊಂದನ್ನು ಪುಟದಲ್ಲಿ ಇಟ್ಟು, ಸಿಎಸ್‌ಎಸ್‌ನಲ್ಲಿ ವಿಡ್ತ್ 300, ಹೈಟ್ 300 ಎಂದು ಬರೆದು ನೋಡಿ. ಮೂರು ಪಟ್ಟೆಗಳು ತುಸು ದಪ್ಪಗಾಗುತ್ತವೆ, ಅದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ನಡುವಿನ ಅಶೋಕ ಚಕ್ರ ಮಾತ್ರ ತಕ್ಷಣ ಅಂಡಾಕಾರವಾಗಿ ಗುಟ್ಟು ಬಿಟ್ಟುಕೊಡುತ್ತದೆ. ಹಾಗಾಗಿ ವಿನ್ಯಾಸ ಪರೀಕ್ಷಿಸುವಾಗ ಬೆಟ್ಟಗುಡ್ಡದ ಫೋಟೋ ಹಾಕಬೇಡಿ; ವೃತ್ತ ಇರುವ ಚಿತ್ರ ಹಾಕಿ. ಬೆಟ್ಟ ಸ್ವಲ್ಪ ಎತ್ತರವಾದರೆ ಯಾರೂ ಕೇಳುವುದಿಲ್ಲ, ವೃತ್ತ ಕೆಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ.

ಈ ಪುಟದ ಉತ್ತರಗಳೆಲ್ಲ ಸುತ್ತಿ ಬಳಸಿ ಒಂದೇ ಮಾತಿಗೆ ಬರುತ್ತವೆ: ಒಂದು ಬದಿಯ ಅಳತೆಯನ್ನು ನೀವು ಹೇಳಿ, ಇನ್ನೊಂದನ್ನು ಬ್ರೌಸರ್‌ಗೆ ಬಿಡಿ. ಎರಡನ್ನೂ ನೀವೇ ಹೇಳಿಬಿಟ್ಟರೆ ಲೆಕ್ಕ ಹಾಕಲು ಅದಕ್ಕೆ ಏನೂ ಉಳಿಯುವುದಿಲ್ಲ.

ಕಂಪ್ಯೂಟರ್‌ನಲ್ಲಿ ಸರಿಯಾಗಿರುವ ಚಿತ್ರ ಮೊಬೈಲ್‌ನಲ್ಲಿ ಉದ್ದಕ್ಕೆ ಎಳೆದಂತೆ ಕಾಣುತ್ತದೆ. ಏಕೆ?

ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ: ಎಚ್‌ಟಿಎಂಎಲ್‌ನಲ್ಲಿ ಚಿತ್ರದ ಟ್ಯಾಗ್‌ಗೆ ವಿಡ್ತ್ 900, ಹೈಟ್ 600 ಎಂದು ಕೊಟ್ಟಿರುತ್ತೀರಿ. ಸಿಎಸ್‌ಎಸ್‌ನಲ್ಲಿ ‘ಮ್ಯಾಕ್ಸ್-ವಿಡ್ತ್: 100%’ ಎಂದಷ್ಟೇ ಬರೆದಿರುತ್ತೀರಿ. 360 ಪಿಕ್ಸೆಲ್ ಅಗಲದ ಫೋನ್‌ನಲ್ಲಿ ಅಗಲವೇನೋ 360ಕ್ಕೆ ಇಳಿಯುತ್ತದೆ. ಎತ್ತರಕ್ಕೆ ಇಳಿಯಲು ಯಾರೂ ಹೇಳಿಲ್ಲ, ಅದು 600ರಲ್ಲೇ ನಿಲ್ಲುತ್ತದೆ. ಇರಬೇಕಾದದ್ದು 240.

‘ಹೈಟ್: ಆಟೋ’ ಎಂದು ಸಿಎಸ್‌ಎಸ್‌ನಲ್ಲಿ ಸೇರಿಸಿ. ಮುಗಿಯಿತು. ಮ್ಯಾಕ್ಸ್-ವಿಡ್ತ್ 100%, ಹೈಟ್ ಆಟೋ: ಈ ಎರಡು ಸಾಲು ಜೋಡಿಯಾಗಿಯೇ ಇರಬೇಕು.

ಹಾಗಿದ್ದರೆ ಎಚ್‌ಟಿಎಂಎಲ್‌ನಲ್ಲಿರುವ ವಿಡ್ತ್, ಹೈಟ್ ತೆಗೆದುಹಾಕಿದರೆ ಆಗುವುದಿಲ್ಲವೇ?

ಚಿತ್ರದ ಆಕಾರವೇನೋ ಸರಿಯಾಗುತ್ತದೆ, ಪುಟ ಜಿಗಿಯತೊಡಗುತ್ತದೆ. ಪರದೆಯ ಅಗಲಕ್ಕೆ ಹೊಂದಿಕೊಳ್ಳುವ ರೆಸ್ಪಾನ್ಸಿವ್ ವಿನ್ಯಾಸ ಬಂದ ಹೊಸದರಲ್ಲಿ ಎಲ್ಲರೂ ಈ ಎರಡು ಆಟ್ರಿಬ್ಯೂಟ್‌ಗಳನ್ನು (ಟ್ಯಾಗ್‌ನೊಳಗೆ ಬರೆಯುವ ಸೂಚನೆಗಳನ್ನು) ಕಿತ್ತೆಸೆದಿದ್ದರು. ಆಗ ಅದಕ್ಕೆ ಕಾರಣವಿತ್ತು, ಈಗ ಇಲ್ಲ.

ಚಿತ್ರದ ಫೈಲ್ ಬಂದು ಇಳಿಯುವವರೆಗೆ ಅದರ ಎತ್ತರ ಬ್ರೌಸರ್‌ಗೆ ತಿಳಿಯದು. ಹಾಗಾಗಿ ಸೊನ್ನೆ ಎತ್ತರ ಕೊಟ್ಟು ಪಠ್ಯವನ್ನು ಮೇಲಕ್ಕೆ ಜೋಡಿಸುತ್ತದೆ. ಓದುಗರು ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಚಿತ್ರ ಬಂದು ಎಲ್ಲವನ್ನೂ ಕೆಳಕ್ಕೆ ತಳ್ಳುತ್ತದೆ. ಯಾವುದೋ ಬಟನ್ ಒತ್ತಲು ಹೋದವರ ಬೆರಳು ಜಾಹೀರಾತಿನ ಮೇಲೆ ಬೀಳುತ್ತದೆ. ಈ ಜಿಗಿತವನ್ನು ಅಳೆಯಲು ಗೂಗಲ್ 2020ರಲ್ಲಿ ಕೋರ್ ವೆಬ್ ವೈಟಲ್ಸ್ ಎಂಬ ಅಳತೆಗಳ ಗುಂಪಿನಲ್ಲಿ ಕ್ಯುಮ್ಯುಲೇಟಿವ್ ಲೇಔಟ್ ಶಿಫ್ಟ್ ಎಂಬುದನ್ನು ಸೇರಿಸಿತು. ಅದರ ಅಂಕ 0.1 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು ಎಂದು ಲೆಕ್ಕ.

ಇದಕ್ಕೆ ಬ್ರೌಸರ್‌ಗಳೇ ಪರಿಹಾರ ತಂದವು. 2019ರ ಡಿಸೆಂಬರ್‌ನಲ್ಲಿ ಬಂದ ಫೈರ್‌ಫಾಕ್ಸ್ 71 ಮತ್ತು ಕ್ರೋಮ್ 79, ಮರುವರ್ಷ ಬಂದ ಸಫಾರಿ 14, ಚಿತ್ರದ ವಿಡ್ತ್ ಮತ್ತು ಹೈಟ್ ಆಟ್ರಿಬ್ಯೂಟ್‌ಗಳನ್ನು ನೋಡಿ ಅನುಪಾತವನ್ನು ಮೊದಲೇ ಲೆಕ್ಕ ಹಾಕುತ್ತವೆ. 900 ಮತ್ತು 600 ಎಂದು ಇದ್ದರೆ ಸಾಕು, ಫೈಲಿನ ಒಂದು ಬೈಟ್ ಕೂಡ ಬರುವ ಮೊದಲೇ 360 ಪಿಕ್ಸೆಲ್ ಅಗಲದ ಫೋನ್‌ನಲ್ಲಿ 240 ಪಿಕ್ಸೆಲ್ ಎತ್ತರದ ಜಾಗ ಕಾದಿರುತ್ತದೆ. ಫೈಲ್ ಬಂದ ಮೇಲೆ ಅದರ ನಿಜವಾದ ಅನುಪಾತ ಜಾರಿಗೆ ಬರುತ್ತದೆ.

ಆದ್ದರಿಂದ ಆಟ್ರಿಬ್ಯೂಟ್‌ಗಳು ಇರಲಿ, ಚಿತ್ರದ ಮೂಲ ಅಳತೆಯನ್ನೇ ಬರೆಯಿರಿ, ಸಿಎಸ್‌ಎಸ್‌ನಲ್ಲಿ ಹೈಟ್ ಆಟೋ ಮರೆಯಬೇಡಿ. ಮೊಬೈಲ್‌ಗೆ ಬೇರೆ ಆಕಾರದ ಚಿತ್ರ ಕೊಡಲು ಪಿಕ್ಚರ್ ಟ್ಯಾಗ್ ಬಳಸುತ್ತಿದ್ದರೆ ಒಳಗಿನ ಪ್ರತಿ ಸೋರ್ಸ್ ಟ್ಯಾಗ್‌ಗೂ ಅದರದೇ ವಿಡ್ತ್, ಹೈಟ್ ಕೊಡಬಹುದು.

ಚಿತ್ರಕ್ಕೆ ಸರಿ. ಬರೀ ಡಿವ್‌ಗೆ (ಏನನ್ನಾದರೂ ಇಡಬಲ್ಲ ಖಾಲಿ ಪೆಟ್ಟಿಗೆಗೆ) ಅನುಪಾತ ಕೊಡುವುದು ಹೇಗೆ?

‘ಆಸ್ಪೆಕ್ಟ್-ರೇಷಿಯೋ: 16 / 9’ ಎಂದು ಬರೆದರೆ ಆಯಿತು. ಈ ಪ್ರಾಪರ್ಟಿ 2021ರಲ್ಲಿ ಎಲ್ಲ ಮುಖ್ಯ ಬ್ರೌಸರ್‌ಗಳಿಗೂ ಬಂದಿತು: ಜನವರಿಯಲ್ಲಿ ಕ್ರೋಮ್ 88, ಜೂನ್‌ನಲ್ಲಿ ಫೈರ್‌ಫಾಕ್ಸ್ 89, ಸೆಪ್ಟೆಂಬರ್‌ನಲ್ಲಿ ಸಫಾರಿ 15. ಡಿವ್ ತಾನಾಗಿಯೇ ತಂದೆ ಎಲಿಮೆಂಟ್‌ನ, ಅಂದರೆ ತನ್ನನ್ನು ಒಳಗೊಂಡ ಹೊರಗಿನ ಪೆಟ್ಟಿಗೆಯ, ಅಗಲವನ್ನು ತುಂಬಿಕೊಳ್ಳುವುದರಿಂದ ವಿಡ್ತ್ ಬರೆಯುವ ಅಗತ್ಯವೂ ಇಲ್ಲ. 360 ಪಿಕ್ಸೆಲ್ ಫೋನ್‌ನಲ್ಲಿ ಎರಡೂ ಕಡೆ 16 ಪಿಕ್ಸೆಲ್ ಅಂಚು ಬಿಟ್ಟರೆ ಡಿವ್‌ಗೆ ಸಿಗುವುದು 328. ಎತ್ತರ ತಾನೇ 184.5 ಆಗುತ್ತದೆ.

ಓರೆಗೆರೆಯ ನಂತರದ ಸಂಖ್ಯೆ ಬಿಟ್ಟರೆ ಅದು 1 ಎಂದು ಅರ್ಥ. ಚೌಕಕ್ಕೆ ಬರೀ 1 ಎಂದು ಬರೆಯಬಹುದು. ದುಂಡು ಬೇಕಿದ್ದರೆ ಇದೇ ಚೌಕಕ್ಕೆ ‘ಬಾರ್ಡರ್-ರೇಡಿಯಸ್: 50%’ ಸೇರಿಸಿ.

ಬರೆದೆ. ಏನೂ ಆಗಲಿಲ್ಲ!

ಮೊದಲು ನೋಡಬೇಕಾದದ್ದು: ಆ ಎಲಿಮೆಂಟ್‌ಗೆ ಅಗಲ, ಎತ್ತರ ಎರಡನ್ನೂ ಯಾರಾದರೂ ಕಟ್ಟಿಹಾಕಿದ್ದಾರೆಯೇ? ಎರಡೂ ಇದ್ದರೆ ಆಸ್ಪೆಕ್ಟ್-ರೇಷಿಯೋವನ್ನು ಬ್ರೌಸರ್ ಗಣನೆಗೇ ತೆಗೆದುಕೊಳ್ಳುವುದಿಲ್ಲ. ನೀವು ಬರೆದಿರಲಿಕ್ಕಿಲ್ಲ, ಹಳೆಯ ಥೀಮ್‌ನ ಯಾವುದೋ ಮೂಲೆಯಲ್ಲಿ ‘ಹೈಟ್: 100%’ ಅಥವಾ ‘ಮಿನ್-ಹೈಟ್: 300’ ಅಡಗಿರುತ್ತದೆ. ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದು ಕಂಪ್ಯೂಟೆಡ್ ವಿಭಾಗದಲ್ಲಿ ಹೈಟ್ ಎಲ್ಲಿಂದ ಬಂದಿದೆ ಎಂದು ನೋಡಿ. ಊಹಿಸುತ್ತ ಕೂರುವುದಕ್ಕಿಂತ ಇದು ಬೇಗ ಮುಗಿಯುತ್ತದೆ.

ಎರಡನೆಯದು ಪ್ಯಾಡಿಂಗ್, ಅಂದರೆ ಪೆಟ್ಟಿಗೆಯ ಅಂಚಿಗೂ ಒಳಗಿನ ವಿಷಯಕ್ಕೂ ನಡುವಿನ ಜಾಗ. ಬಾಕ್ಸ್-ಸೈಜಿಂಗ್ ಬದಲಾಯಿಸದಿದ್ದರೆ ಅನುಪಾತ ಅನ್ವಯಿಸುವುದು ಒಳಗಿನ ಜಾಗಕ್ಕೆ ಮಾತ್ರ, ಪ್ಯಾಡಿಂಗ್ ಹೊರಗೆ ಸೇರುತ್ತದೆ. ಅಗಲ 320, ಅನುಪಾತ 16/9, ನಾಲ್ಕೂ ಕಡೆ 20 ಪ್ಯಾಡಿಂಗ್ ಎಂದುಕೊಳ್ಳಿ. ಒಳಗೆ 320 × 180, ಕಣ್ಣಿಗೆ ಕಾಣುವ ಪೆಟ್ಟಿಗೆ 360 × 220. ಭಾಗಿಸಿದರೆ 1.64, ಬೇಕಾದದ್ದು 1.78. ‘ಬಾಕ್ಸ್-ಸೈಜಿಂಗ್: ಬಾರ್ಡರ್-ಬಾಕ್ಸ್’ ಕೊಟ್ಟರೆ ಹೊರಗಿನ ಪೆಟ್ಟಿಗೆಯೇ 16/9 ಆಗುತ್ತದೆ. ಇಂದು ಬಹುತೇಕ ಎಲ್ಲರೂ ಇಡೀ ಪುಟಕ್ಕೆ ಇದನ್ನು ಮೊದಲ ಸಾಲಿನಲ್ಲೇ ಹಾಕಿರುತ್ತಾರೆ. ನೀವೂ ಹಾಕಿ.

ಮೂರನೆಯದು ಒಳಗಿನ ಪಠ್ಯ. ಅದಕ್ಕೆ ಬೇರೆ ಪ್ರಶ್ನೆಯೇ ಬೇಕು.

ಕಾರ್ಡ್‌ಗೆ 4/3 ಕೊಟ್ಟಿದ್ದೇನೆ. ಇಂಗ್ಲಿಷ್ ಶೀರ್ಷಿಕೆ ಇದ್ದಾಗ ಸರಿ ಇರುತ್ತದೆ, ಕನ್ನಡ ಹಾಕಿದರೆ ಕಾರ್ಡ್ ಉದ್ದವಾಗುತ್ತದೆ. ಕನ್ನಡದ ಫಾಂಟ್‌ನ ದೋಷವೇ?

ಅಲ್ಲ. ಆಸ್ಪೆಕ್ಟ್-ರೇಷಿಯೋ ಆಜ್ಞೆಯಲ್ಲ, ಸಾಧ್ಯವಾದರೆ ಹೀಗಿರಲಿ ಎಂಬ ಕೋರಿಕೆ. ಒಳಗಿನ ವಿಷಯ ಲೆಕ್ಕದ ಎತ್ತರಕ್ಕಿಂತ ಹೆಚ್ಚಾದರೆ ಪೆಟ್ಟಿಗೆ ಬೆಳೆಯುತ್ತದೆ, ಅನುಪಾತ ಬಿಟ್ಟುಹೋಗುತ್ತದೆ. ಪಠ್ಯ ಕಳೆದುಹೋಗುವುದಕ್ಕಿಂತ ಆಕಾರ ಕೆಡುವುದು ಮೇಲು ಎಂದು ಸಿಎಸ್‌ಎಸ್ ನಿಯಮ ರೂಪಿಸಿದವರು ತೀರ್ಮಾನಿಸಿದ್ದಾರೆ. ಆ ತೀರ್ಮಾನಕ್ಕೆ ನನ್ನ ಸಹಮತವಿದೆ.

ತಾಂತ್ರಿಕವಾಗಿ ಹೇಳುವುದಾದರೆ, ಅನುಪಾತವಿರುವ ಪೆಟ್ಟಿಗೆಯ ಮಿನ್-ಹೈಟ್ ‘ಆಟೋ’ ಇದ್ದಾಗ ಒಳಗಿನ ವಿಷಯದ ಎತ್ತರವೇ ಅದರ ಕನಿಷ್ಠ ಎತ್ತರ. ‘ಮಿನ್-ಹೈಟ್: 0’ ಎಂದು ಬರೆದರೆ ಪೆಟ್ಟಿಗೆ 4/3ರಲ್ಲೇ ಉಳಿಯುತ್ತದೆ, ಪಠ್ಯ ಹೊರಗೆ ಚೆಲ್ಲುತ್ತದೆ. ‘ಓವರ್‌ಫ್ಲೋ: ಹಿಡನ್’ ಎಂದರೆ ಪೆಟ್ಟಿಗೆಯೂ ಉಳಿಯುತ್ತದೆ, ಹೆಚ್ಚಿನ ಪಠ್ಯ ಮರೆಯಾಗುತ್ತದೆ. ‘ಓವರ್‌ಫ್ಲೋ: ಆಟೋ’ ಕೊಟ್ಟರೆ ಒಳಗೆ ಸ್ಕ್ರೋಲ್ ಬರುತ್ತದೆ.

ಹಿಡನ್ ಕೊಡುವ ಮುನ್ನ ಕನ್ನಡದ ಸಾಲನ್ನು ಹತ್ತಿರದಿಂದ ನೋಡಿ. ‘ರಾಷ್ಟ್ರೀಯ’ ಎಂಬ ಪದದಲ್ಲಿ ‘ಷ್ಟ್ರೀ’ ಅಕ್ಷರದ ಗುಡಿಸು ಮೇಲಕ್ಕೆ ಹೋಗುತ್ತದೆ, ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷ್ ಶೀರ್ಷಿಕೆಗೆಂದು ಲೈನ್-ಹೈಟ್ 1.2 ಇಟ್ಟಿದ್ದರೆ, ಪೆಟ್ಟಿಗೆಯ ಅಂಚು ಸರಿಯಾಗಿ ಆ ಒತ್ತಿನ ಮೇಲೆ ಬಂದು ಅದನ್ನು ಕತ್ತರಿಸುತ್ತದೆ. ಒತ್ತು ಹೋದ ಅಕ್ಷರ ಬೇರೆಯದೇ ಅಕ್ಷರ. ಕನ್ನಡ ಪಠ್ಯಕ್ಕೆ ಲೈನ್-ಹೈಟ್ 1.5ರಿಂದ 1.6 ಇರಲಿ. ಎರಡು ಸಾಲಿಗೆ ಶೀರ್ಷಿಕೆ ಮೊಟಕುಗೊಳಿಸುವ ಲೈನ್-ಕ್ಲ್ಯಾಂಪ್ ಬಳಸಿದರಂತೂ ಕೆಳಗೆ ಒಂದಿಷ್ಟು ಪ್ಯಾಡಿಂಗ್ ಕೊಡಲೇಬೇಕು.

ನನ್ನನ್ನು ಕೇಳಿದರೆ, ಪಠ್ಯ ಇರುವ ಕಾರ್ಡ್‌ಗೆ ಅನುಪಾತವನ್ನೇ ಕೊಡಬೇಡಿ. ಕಾರ್ಡ್‌ನೊಳಗಿನ ಚಿತ್ರಕ್ಕೆ ಮಾತ್ರ ಕೊಡಿ, ಪಠ್ಯಕ್ಕೆ ಬೇಕಾದಷ್ಟು ಎತ್ತರ ಬಿಡಿ. ಒಂದೇ ಸಾಲಿನ ಕಾರ್ಡ್‌ಗಳು ಸಮಾನ ಎತ್ತರದಲ್ಲಿರಬೇಕು ಎಂಬುದಷ್ಟೇ ಬಯಕೆಯಾದರೆ ಪೆಟ್ಟಿಗೆಗಳನ್ನು ಅಡ್ಡ, ಉದ್ದ ಸಾಲುಗಳಲ್ಲಿ ಜೋಡಿಸುವ ಗ್ರಿಡ್ ಅದನ್ನು ತಾನಾಗಿಯೇ ಮಾಡಿಕೊಡುತ್ತದೆ.

ಬೇರೆ ಬೇರೆ ಆಕಾರದ ಫೋಟೋಗಳಿವೆ. ಎಲ್ಲವೂ ಚೌಕದಲ್ಲಿ ಕೂರಬೇಕು, ಆದರೆ ಯಾವುದೂ ಹಿಗ್ಗಬಾರದು. ಸಾಧ್ಯವೇ?

ಸಾಧ್ಯ, ಆಬ್ಜೆಕ್ಟ್-ಫಿಟ್ ಇರುವುದೇ ಇದಕ್ಕಾಗಿ. ಇದೊಂದು ಸಂದರ್ಭದಲ್ಲಿ ಎರಡೂ ಬದಿಯನ್ನು ಕಟ್ಟಿಹಾಕುವುದು ಸರಿ. ಏಕೆಂದರೆ ಇಲ್ಲಿ ಚೌಕಟ್ಟು ಬೇರೆ, ಒಳಗಿನ ಚಿತ್ರ ಬೇರೆ. ಚೌಕಟ್ಟಿನ ಅಳತೆ ನಿಮ್ಮದು. ಚಿತ್ರ ಅದರೊಳಗೆ ಹೇಗೆ ಕೂರಬೇಕು ಎಂಬುದನ್ನು ಆಬ್ಜೆಕ್ಟ್-ಫಿಟ್ ಹೇಳುತ್ತದೆ. ಏನೂ ಹೇಳದಿದ್ದರೆ ಚಿತ್ರಗಳಿಗೆ ‘ಫಿಲ್’, ಅಂದರೆ ಹಿಗ್ಗಿಸಿ ತುಂಬು. ಅಶೋಕ ಚಕ್ರ ಅಂಡಾಕಾರವಾಗಿದ್ದು ಇದರಿಂದಲೇ.

‘ಕವರ್’ ಎಂದರೆ ಆಕಾರ ಕೆಡಿಸದೆ ಚೌಕಟ್ಟು ತುಂಬು, ಹೆಚ್ಚಾದದ್ದನ್ನು ಕತ್ತರಿಸು. ‘ಕಂಟೇನ್’ ಎಂದರೆ ಇಡೀ ಚಿತ್ರ ಕಾಣಲಿ, ಉಳಿದ ಜಾಗ ಖಾಲಿ ಇರಲಿ. ‘ಸ್ಕೇಲ್-ಡೌನ್’ ಕೂಡ ಕಂಟೇನ್‌ನಂತೆಯೇ, ಆದರೆ ಚಿಕ್ಕ ಚಿತ್ರವನ್ನು ದೊಡ್ಡದು ಮಾಡುವುದಿಲ್ಲ; ಸಣ್ಣ ಲೋಗೊಗಳಿಗೆ ಒಳ್ಳೆಯದು.

ಕವರ್ ಎಷ್ಟು ಕತ್ತರಿಸುತ್ತದೆ ಎಂಬ ಅಂದಾಜು ಇರಲಿ. 4:3 ಫೋಟೋ ಚೌಕದಲ್ಲಿ ಕೂತಾಗ ಅಗಲದಲ್ಲಿ ಕಾಲು ಭಾಗ ಹೋಗುತ್ತದೆ. 3:2 ಆದರೆ ಮೂರನೆಯ ಒಂದು ಭಾಗ. ಮೊಬೈಲ್ ನಿಲ್ಲಿಸಿ ಹಿಡಿದು ತೆಗೆದ 9:16 ವಿಡಿಯೊವನ್ನು 16:9 ಚೌಕಟ್ಟಿಗೆ ಕವರ್ ಮಾಡಿದರೆ ಎತ್ತರದಲ್ಲಿ ಸುಮಾರು 32% ಮಾತ್ರ ಉಳಿಯುತ್ತದೆ. ನಿಂತವರ ತಲೆಯೂ ಇಲ್ಲ, ಕಾಲೂ ಇಲ್ಲ.

ಕತ್ತರಿ ಎಲ್ಲಿ ಬೀಳಬೇಕು ಎಂಬುದನ್ನು ಆಬ್ಜೆಕ್ಟ್-ಪೊಸಿಷನ್ ಹೇಳುತ್ತದೆ. ಅದು ಮೊದಲಿಗೆ 50% 50%, ಅಂದರೆ ಸರಿಯಾಗಿ ನಡುವೆ. ನಿಂತಿರುವ ವ್ಯಕ್ತಿಯ ಉದ್ದನೆಯ ಫೋಟೋದಲ್ಲಿ ನಡುವೆ ಇರುವುದು ಹೊಟ್ಟೆ, ಮುಖವಲ್ಲ. ವ್ಯಕ್ತಿಚಿತ್ರಗಳಿಗೆ 50% 20% ಇಟ್ಟುಕೊಂಡರೆ ಸಾಮಾನ್ಯವಾಗಿ ಮುಖ ಉಳಿಯುತ್ತದೆ. ಧ್ವಜ, ಲಾಂಛನ, ನಕ್ಷೆ, ಪುಸ್ತಕದ ಮುಖಪುಟ, ಅಕ್ಷರವಿರುವ ಯಾವುದೇ ಚಿತ್ರಕ್ಕೆ ಕವರ್ ಬೇಡ, ಕಂಟೇನ್ ಬಳಸಿ.

ಯೂಟ್ಯೂಬ್ ವಿಡಿಯೊ ಹಾಕಿದರೆ ಮೊಬೈಲ್‌ನಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ.

ಯೂಟ್ಯೂಬ್ ಕೊಡುವ ಎಂಬೆಡ್ ಕೋಡ್‌ನಲ್ಲಿ ಐಫ್ರೇಮ್‌ಗೆ (ಪುಟದೊಳಗೆ ಬೇರೊಂದು ಪುಟವನ್ನು ತೋರಿಸುವ ಟ್ಯಾಗ್‌ಗೆ) ವಿಡ್ತ್ 560, ಹೈಟ್ 315 ಎಂದಿರುತ್ತದೆ. ಭಾಗಿಸಿ ನೋಡಿದರೆ ಅದು ಸರಿಯಾಗಿ 16:9. ನೀವು ಮ್ಯಾಕ್ಸ್-ವಿಡ್ತ್ 100% ಕೊಟ್ಟಾಗ 360 ಪಿಕ್ಸೆಲ್ ಫೋನ್‌ನಲ್ಲಿ ಐಫ್ರೇಮ್ 360 × 315 ಆಗುತ್ತದೆ. ವಿಡಿಯೊಗೆ ಬೇಕಾದ ಎತ್ತರ 202.5 ಮಾತ್ರ. ಉಳಿದ 112.5 ಪಿಕ್ಸೆಲ್ ಮೇಲೆ ಕೆಳಗೆ ಹಂಚಿಹೋಗಿ ಕಪ್ಪಾಗಿ ಕಾಣುತ್ತದೆ.

ಚಿತ್ರದಂತೆ ಇಲ್ಲಿಯೂ ಹೈಟ್ ಆಟೋ ಕೊಟ್ಟರೆ ಸಾಕು ಎಂದುಕೊಂಡರೆ ಮೋಸ ಹೋಗುತ್ತೀರಿ. ಚಿತ್ರಕ್ಕೆ, ವಿಡಿಯೊ ಟ್ಯಾಗ್‌ಗೆ ಆಟ್ರಿಬ್ಯೂಟ್‌ನಿಂದ ಅನುಪಾತ ಸಿಗುತ್ತದೆ; ಐಫ್ರೇಮ್‌ಗೆ ಸಿಗುವುದಿಲ್ಲ. ಅದರೊಳಗೆ ಏನಿದೆ ಎಂಬುದು ಹೊರಗಿನ ಪುಟಕ್ಕೆ ತಿಳಿಯದು. ಹೈಟ್ ಆಟೋ ಎಂದರೆ ಅದು ತನ್ನ ಹಳೆಯ ಅಭ್ಯಾಸದಂತೆ 150 ಪಿಕ್ಸೆಲ್‌ಗೆ ಕುಗ್ಗುತ್ತದೆ. ಹಾಗಾಗಿ ಇಲ್ಲಿ ಮೂರು ಸಾಲು ಬೇಕು: ವಿಡ್ತ್ 100%, ಹೈಟ್ ಆಟೋ, ಆಸ್ಪೆಕ್ಟ್-ರೇಷಿಯೋ 16 / 9. ಶಾರ್ಟ್ಸ್ ವಿಡಿಯೊ ಆದರೆ 9 / 16, ಜೊತೆಗೆ ಮ್ಯಾಕ್ಸ್-ವಿಡ್ತ್ 320ರ ಆಸುಪಾಸು. ಇಲ್ಲದಿದ್ದರೆ ದೊಡ್ಡ ಪರದೆಯಲ್ಲಿ ಅದು ಬಾವಿಯಷ್ಟು ಆಳಕ್ಕೆ ಇಳಿಯುತ್ತದೆ.

ಸ್ವಂತ ಫೈಲನ್ನು ವಿಡಿಯೊ ಟ್ಯಾಗ್‌ನಲ್ಲಿ ಹಾಕುತ್ತಿದ್ದರೆ ಅಷ್ಟು ತೊಂದರೆ ಇಲ್ಲ. ಅದರ ಆಬ್ಜೆಕ್ಟ್-ಫಿಟ್ ಮೊದಲಿನಿಂದಲೇ ಕಂಟೇನ್. ವಿಡ್ತ್, ಹೈಟ್ ಆಟ್ರಿಬ್ಯೂಟ್ ಮಾತ್ರ ಬರೆಯಿರಿ. ಇಲ್ಲದಿದ್ದರೆ ಫೈಲಿನ ಮಾಹಿತಿ ಬರುವವರೆಗೆ 300 × 150ರ ಪೆಟ್ಟಿಗೆ ನಿಂತು, ಆಮೇಲೆ ಜಿಗಿಯುತ್ತದೆ.

ಹಳೆಯ ಕೋಡ್‌ನಲ್ಲಿ ‘ಪ್ಯಾಡಿಂಗ್-ಬಾಟಮ್: 56.25%’ ಎಂದಿದೆ. ಇದೇನು ಲೆಕ್ಕ?

9ನ್ನು 16ರಿಂದ ಭಾಗಿಸಿ 100ರಿಂದ ಗುಣಿಸಿ, ಅದೇ 56.25. ಪ್ಯಾಡಿಂಗ್ ಅನ್ನು ಶೇಕಡಾವಾರಿನಲ್ಲಿ ಕೊಟ್ಟಾಗ, ಮೇಲೆ ಕೆಳಗಿನ ಪ್ಯಾಡಿಂಗ್ ಕೂಡ ತಂದೆ ಎಲಿಮೆಂಟ್‌ನ ಅಗಲದ ಮೇಲೆಯೇ ಲೆಕ್ಕವಾಗುತ್ತದೆ. ಸಿಎಸ್‌ಎಸ್‌ನ ಈ ವಿಚಿತ್ರ ನಿಯಮವನ್ನು ಅನುಪಾತಕ್ಕೆ ಬಳಸಿಕೊಳ್ಳಬಹುದು ಎಂದು 2009ರಲ್ಲಿ ತಿಯೆರಿ ಕೊಬ್ಲೆಂಟ್ಸ್ ಅವರು ಬರೆದು ತೋರಿಸಿದರು. ಎತ್ತರ ಸೊನ್ನೆ, ಪ್ಯಾಡಿಂಗ್ 56.25%, ಒಳಗಿನ ಐಫ್ರೇಮ್‌ಗೆ ‘ಪೊಸಿಷನ್: ಆಬ್ಸೊಲ್ಯೂಟ್’ ಕೊಟ್ಟು ನಾಲ್ಕೂ ಅಂಚಿಗೆ ಅಂಟಿಸುವುದು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಡೀ ವೆಬ್ ಈ ಉಪಾಯದ ಮೇಲೆ ನಡೆಯಿತು. 4:3ಕ್ಕೆ 75%, 3:2ಕ್ಕೆ 66.67%, ಚೌಕಕ್ಕೆ 100%.

ಕೆಲಸ ಮಾಡುತ್ತಿರುವ ಹಳೆಯ ಪುಟದಲ್ಲಿ ಇದ್ದರೆ ಹಾಗೆಯೇ ಬಿಡಿ. ಹೊಸದಾಗಿ ಬರೆಯುವಾಗ ಬೇಡ. ಬದಲಾಯಿಸಲೇಬೇಕೆಂದರೆ ಪೂರ್ತಿ ಬದಲಾಯಿಸಿ. ಆಸ್ಪೆಕ್ಟ್-ರೇಷಿಯೋ ಸೇರಿಸಿ ಪ್ಯಾಡಿಂಗ್ ತೆಗೆಯಲು ಮರೆತರೆ ವಿಡಿಯೊದ ಕೆಳಗೆ ಖಾಲಿ ಜಾಗ ಕಾಣಿಸಿಕೊಳ್ಳುತ್ತದೆ.

ಫ್ಲೆಕ್ಸ್ ಹಾಕಿದ ತಕ್ಷಣ ಚಿತ್ರ ಉದ್ದವಾಗಿಬಿಟ್ಟಿತು.

ಫ್ಲೆಕ್ಸ್ ಎಂದರೆ ಎಲಿಮೆಂಟ್‌ಗಳನ್ನು ಸಾಲಾಗಿ ಜೋಡಿಸುವ ವಿಧಾನ. ಆ ಸಾಲಿನಲ್ಲಿರುವ ಎಲಿಮೆಂಟ್‌ಗಳೆಲ್ಲ ಒಂದೇ ಎತ್ತರಕ್ಕೆ ಚಾಚಿಕೊಳ್ಳುವುದು ಅದರ ಹುಟ್ಟುಗುಣ. ಎಡಗಡೆ 300 ಅಗಲದ ಚಿತ್ರ, ಬಲಗಡೆ 480 ಪಿಕ್ಸೆಲ್ ಎತ್ತರದ ಪಠ್ಯ ಇದ್ದರೆ ಚಿತ್ರವೂ 480ಕ್ಕೆ ಚಾಚುತ್ತದೆ. ಎರಡನೆಯ ಬದಿಯನ್ನು ನೀವು ಹೇಳಲಿಲ್ಲ, ನಿಜ, ಫ್ಲೆಕ್ಸ್ ಹೇಳಿತು. ಚಿತ್ರಕ್ಕೆ ‘ಅಲೈನ್-ಸೆಲ್ಫ್: ಫ್ಲೆಕ್ಸ್-ಸ್ಟಾರ್ಟ್’ ಕೊಡಿ, ಅಥವಾ ಇಡೀ ಸಾಲಿಗೆ ಅಲೈನ್-ಐಟಮ್ಸ್ ಬದಲಾಯಿಸಿ. ಗ್ರಿಡ್‌ನಲ್ಲಿ ಚಿತ್ರಗಳಿಗೆ ಈ ಪಾಡು ಇಲ್ಲ, ನೀವಾಗಿ ಸ್ಟ್ರೆಚ್ ಎಂದು ಹೇಳದ ಹೊರತು.

ಇದಕ್ಕೆ ತಿರುಗುಮುರುಗಾದ ಇನ್ನೊಂದು ಕಾಟವಿದೆ. ಹೆಸರಿನ ಮೊದಲ ಅಕ್ಷರ ಬರೆದ 48 × 48ರ ದುಂಡು ಡಿವ್, ಪಕ್ಕದಲ್ಲಿ ಉದ್ದನೆಯ ಹೆಸರು ಮತ್ತು ವಿಳಾಸ. ಜಾಗ ಸಾಲದಾದಾಗ ಫ್ಲೆಕ್ಸ್ ಆ ದುಂಡನ್ನೇ ಹಿಸುಕುತ್ತದೆ. ಅದಕ್ಕೆ ‘ಫ್ಲೆಕ್ಸ್-ಶ್ರಿಂಕ್: 0’ ಸಾಕು.

ಪೆಟ್ಟಿಗೆ ಪರದೆಯ ಅಗಲಕ್ಕೂ ಹೊಂದಬೇಕು, ಎತ್ತರವನ್ನೂ ಮೀರಬಾರದು. ಮ್ಯಾಕ್ಸ್-ಹೈಟ್ ಕೊಟ್ಟರೆ ಅನುಪಾತ ಕೆಡುತ್ತದೆ.

ಸ್ಲೈಡ್‌ಶೋ ಮಾಡುವವರೆಲ್ಲ ಇಲ್ಲಿ ಎಡವುತ್ತಾರೆ. 1366 ಪಿಕ್ಸೆಲ್ ಅಗಲದ ಲ್ಯಾಪ್‌ಟಾಪ್, ಬ್ರೌಸರ್‌ನ ಮೇಲಿನ ಪಟ್ಟಿಗಳನ್ನು ಕಳೆದು ಪುಟಕ್ಕೆ ಸಿಕ್ಕ ಎತ್ತರ 650 ಎಂದುಕೊಳ್ಳೋಣ. ವಿಡ್ತ್ 100%, ಆಸ್ಪೆಕ್ಟ್-ರೇಷಿಯೋ 16 / 9 ಎಂದರೆ ಎತ್ತರ 768, ಅರ್ಥಾತ್ ಪರದೆಯಾಚೆ. ಮ್ಯಾಕ್ಸ್-ಹೈಟ್ 80ವಿಎಚ್ (ವಿಎಚ್ ಎಂದರೆ ಪುಟಕ್ಕೆ ಸಿಕ್ಕ ಎತ್ತರದ ನೂರರಲ್ಲಿ ಒಂದು ಭಾಗ) ಸೇರಿಸಿದರೆ ಎತ್ತರ 520ಕ್ಕೆ ನಿಲ್ಲುತ್ತದೆ, ಅಗಲ ಮಾತ್ರ 1366ರಿಂದ ಕದಲುವುದಿಲ್ಲ. ಅಗಲವನ್ನು ನೀವೇ 100% ಎಂದು ಹೇಳಿಯಾಗಿದೆ, ಎತ್ತರಕ್ಕೆ ಮಿತಿ ಹಾಕಿಯಾಗಿದೆ. ಬ್ರೌಸರ್ ಎರಡೂ ಮಾತನ್ನು ಪಾಲಿಸಿತು, ಅನುಪಾತವನ್ನು ಕೈಬಿಟ್ಟಿತು.

ಎತ್ತರದ ಮಿತಿಯನ್ನು ಅಗಲದ ಭಾಷೆಯಲ್ಲೇ ಹೇಳುವುದು ಇದಕ್ಕೆ ಮದ್ದು: ‘ವಿಡ್ತ್: ಮಿನ್(100%, 80ವಿಎಚ್ * 16 / 9)’. 520ನ್ನು 16/9ರಿಂದ ಗುಣಿಸಿದರೆ ಸುಮಾರು 924. 1366 ಮತ್ತು 924ರಲ್ಲಿ ಚಿಕ್ಕದು ಅಗಲವಾಗುತ್ತದೆ, ಎತ್ತರ ಅನುಪಾತದಿಂದ ತಾನೇ 520ಕ್ಕೆ ಬರುತ್ತದೆ. ಈಗ ಮ್ಯಾಕ್ಸ್-ಹೈಟ್ ಬೇಕಾಗಿಯೇ ಇಲ್ಲ. ಮಾರ್ಜಿನ್ ಆಟೋ ಕೊಟ್ಟು ನಡುವೆ ನಿಲ್ಲಿಸಿ. ಮೊಬೈಲ್‌ಗಳಲ್ಲಿ ವಿಳಾಸಪಟ್ಟಿ ಬಂದು ಹೋಗುವಾಗ ವಿಎಚ್ ಅಳತೆ ತೊಂದರೆ ಕೊಡುತ್ತದೆ. ಅಲ್ಲಿ 2022ರಲ್ಲಿ ಎಲ್ಲ ಬ್ರೌಸರ್‌ಗಳಿಗೂ ಬಂದ ಎಸ್‌ವಿಎಚ್ ಒಳ್ಳೆಯದು; ಅದು ಪಟ್ಟಿ ಇರುವಾಗಿನ ಎತ್ತರವನ್ನೇ ಲೆಕ್ಕಕ್ಕೆ ಹಿಡಿಯುತ್ತದೆ.

ಪರದೆಯ ಬದಲು ಒಂದು ಎಲಿಮೆಂಟ್‌ನೊಳಗೆ ಹೀಗೆ ಕೂರಿಸಬೇಕಾದರೆ ಆ ಎಲಿಮೆಂಟ್‌ಗೆ ‘ಕಂಟೇನರ್-ಟೈಪ್: ಸೈಜ್’ ಕೊಟ್ಟು, ಒಳಗೆ ‘ಮಿನ್(100ಸಿಕ್ಯೂಡಬ್ಲ್ಯೂ, 100ಸಿಕ್ಯೂಎಚ್ * 16 / 9)’ ಎಂದು ಬರೆಯಬಹುದು. ಸಿಕ್ಯೂಡಬ್ಲ್ಯೂ, ಸಿಕ್ಯೂಎಚ್ ಎಂದರೆ ಆ ಎಲಿಮೆಂಟ್‌ನ ಅಗಲದ, ಎತ್ತರದ ನೂರರಲ್ಲಿ ಒಂದು ಭಾಗ. ಹೊರಗಿನ ಎಲಿಮೆಂಟ್‌ಗೆ ತನ್ನದೇ ಎತ್ತರ ಇರಬೇಕು, ಇಲ್ಲದಿದ್ದರೆ ಎಲ್ಲವೂ ಸೊನ್ನೆಯಾಗುತ್ತದೆ.

ಬರೀ ಚಿತ್ರವಾದರೆ ಇಷ್ಟೆಲ್ಲ ಸರ್ಕಸ್ ಬೇಡ. ವಿಡ್ತ್ ಆಟೋ, ಹೈಟ್ ಆಟೋ, ಮ್ಯಾಕ್ಸ್-ವಿಡ್ತ್ 100%, ಮ್ಯಾಕ್ಸ್-ಹೈಟ್ 80ವಿಎಚ್. ಎರಡೂ ಬದಿ ಆಟೋ ಇರುವುದರಿಂದ ಎರಡು ಮಿತಿಗಳ ನಡುವೆಯೂ ಆಕಾರ ಉಳಿಯುತ್ತದೆ.

ಬಳಕೆದಾರರು ಮೂಲೆ ಹಿಡಿದು ಎಳೆದು ಪೆಟ್ಟಿಗೆಯನ್ನು ದೊಡ್ಡದು ಮಾಡಬೇಕು, ಆಗಲೂ ಅನುಪಾತ ಉಳಿಯಬೇಕು. ಜಾವಾಸ್ಕ್ರಿಪ್ಟ್ ಬೇಕೇ?

ಬೇಡ. ‘ರೀಸೈಜ್: ಬೋತ್’ ಕೊಟ್ಟರೆ ಎಳೆದಾಗ ಬ್ರೌಸರ್ ಅಗಲ, ಎತ್ತರ ಎರಡನ್ನೂ ಎಲಿಮೆಂಟ್ ಮೇಲೆ ಬರೆಯುತ್ತದೆ, ಅಲ್ಲಿಗೆ ಅನುಪಾತ ಮುಗಿಯಿತು. ‘ರೀಸೈಜ್: ಹಾರಿಜಾಂಟಲ್’ ಕೊಡಿ. ಅಗಲ ಮಾತ್ರ ಬದಲಾಗುತ್ತದೆ, ಎತ್ತರವನ್ನು ಆಸ್ಪೆಕ್ಟ್-ರೇಷಿಯೋ ಹಿಂಬಾಲಿಸುತ್ತದೆ. ರೀಸೈಜ್ ಕೆಲಸ ಮಾಡಲು ಓವರ್‌ಫ್ಲೋ ಹಿಡನ್ ಅಥವಾ ಆಟೋ ಇರಬೇಕು ಎಂಬುದು ನೆನಪಿರಲಿ. ನಾಲ್ಕೂ ಮೂಲೆಯಿಂದ ಎಳೆಯಬೇಕು ಎನ್ನುವವರಿಗೆ ಮಾತ್ರ ಜಾವಾಸ್ಕ್ರಿಪ್ಟ್.

ಟ್ರಾನ್ಸ್‌ಫಾರ್ಮ್ ಸ್ಕೇಲ್ ಬಳಸಿದರೆ ಆಗದೇ?

ಆಕಾರ ಉಳಿಯುತ್ತದೆ, ಆದರೆ ಅಕ್ಕಪಕ್ಕದವರಿಗೆ ಸುದ್ದಿ ತಲುಪುವುದಿಲ್ಲ. ಎಲಿಮೆಂಟ್ ದೊಡ್ಡದಾಗಿ ಕಂಡರೂ ಪುಟದಲ್ಲಿ ಅದರ ಜಾಗ ಹಳೆಯದೇ. ಮೌಸ್ ತಂದಾಗ ಚಿತ್ರ ತುಸು ಉಬ್ಬುವ ಅಲಂಕಾರಕ್ಕೆ ಸರಿ, ಲೇಔಟ್‌ಗೆ ಬೇಡ.

ಎಸ್‌ವಿಜಿ ಮತ್ತು ಕ್ಯಾನ್ವಾಸ್‌ಗೂ ಇದೇ ನಿಯಮವೇ?

ಗೆರೆ, ಆಕಾರಗಳಿಂದ ಬರೆದ ಚಿತ್ರವಾದ ಎಸ್‌ವಿಜಿಗೆ ವ್ಯೂಬಾಕ್ಸ್ (ಒಳಗಿನ ಚಿತ್ರದ ಅಳತೆ ಹೇಳುವ ಆಟ್ರಿಬ್ಯೂಟ್) ಇದ್ದರೆ ಅದು ತಾನಾಗಿ ಹಿಗ್ಗುವುದಿಲ್ಲ, ಕಂಟೇನ್‌ನಂತೆ ನಡುವೆ ಕೂರುತ್ತದೆ. ಪ್ರಿಸರ್ವ್‌ಆಸ್ಪೆಕ್ಟ್‌ರೇಷಿಯೋ ಆಟ್ರಿಬ್ಯೂಟ್‌ನಲ್ಲಿ ‘ಸ್ಲೈಸ್’ ಎಂದರೆ ಕವರ್‌ನಂತೆ, ‘ನನ್’ ಎಂದರೆ ಬೇಕೆಂದೇ ಹಿಗ್ಗಿಸುವುದು. ಎರಡು ವಿಭಾಗಗಳ ನಡುವೆ ಅಲೆಯ ಗೆರೆ ಎಳೆಯುವಾಗ ಈ ಕೊನೆಯದು ಉಪಯೋಗಕ್ಕೆ ಬರುತ್ತದೆ. ವ್ಯೂಬಾಕ್ಸ್ ಇಲ್ಲದ ಎಸ್‌ವಿಜಿ ಸಣ್ಣದಾಗುವುದಿಲ್ಲ, ಕತ್ತರಿಸಿಹೋಗುತ್ತದೆ. ಫೈಲ್ ಗಾತ್ರ ಉಳಿಸುವ ಉಪಕರಣಗಳು ಕೆಲವೊಮ್ಮೆ ವ್ಯೂಬಾಕ್ಸ್ ಅನ್ನೇ ತೆಗೆದುಹಾಕಿರುತ್ತವೆ, ನೋಡಿಕೊಳ್ಳಿ.

ಜಾವಾಸ್ಕ್ರಿಪ್ಟ್‌ನಿಂದ ಚಿತ್ರ ಬರೆಯುವ ಕ್ಯಾನ್ವಾಸ್‌ನಲ್ಲಿ ಆಟ್ರಿಬ್ಯೂಟ್ ಹೇಳುವುದು ಬರೆಯುವ ಹಲಗೆಯ ಅಳತೆಯನ್ನು, ಸಿಎಸ್‌ಎಸ್ ಹೇಳುವುದು ಅದು ಪರದೆಯಲ್ಲಿ ಕಾಣುವ ಅಳತೆಯನ್ನು. ಆಟ್ರಿಬ್ಯೂಟ್ ಬರೆಯದೆ ಸಿಎಸ್‌ಎಸ್‌ನಲ್ಲಿ 600 × 600 ಕೊಟ್ಟರೆ 300 × 150ರ ಹಲಗೆ ಚೌಕಕ್ಕೆ ಚಾಚಿಕೊಂಡು ನೀವು ಬರೆದ ವೃತ್ತ ಉದ್ದವಾಗುತ್ತದೆ, ಮಸುಕೂ ಆಗುತ್ತದೆ.

ಬ್ಯಾಕ್‌ಗ್ರೌಂಡ್ ಚಿತ್ರ ಕಾಣಿಸುತ್ತಲೇ ಇಲ್ಲ.

ಬ್ಯಾಕ್‌ಗ್ರೌಂಡ್ ಚಿತ್ರ ಪೆಟ್ಟಿಗೆಗೆ ಎತ್ತರ ಕೊಡುವುದಿಲ್ಲ. ಖಾಲಿ ಡಿವ್‌ನ ಎತ್ತರ ಸೊನ್ನೆ. ಆಸ್ಪೆಕ್ಟ್-ರೇಷಿಯೋ ಕೊಟ್ಟು, ಬ್ಯಾಕ್‌ಗ್ರೌಂಡ್-ಸೈಜ್ ಕವರ್ ಅಥವಾ ಕಂಟೇನ್ ಮಾಡಿ. ಚಿತ್ರದಲ್ಲಿ ಹೇಳುವ ವಿಷಯವಿದ್ದರೆ ಬ್ಯಾಕ್‌ಗ್ರೌಂಡ್ ಬಿಟ್ಟು ಚಿತ್ರದ ಟ್ಯಾಗ್ ಬಳಸಿ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಬ್ಯಾಕ್‌ಗ್ರೌಂಡ್ ಅನ್ನು ಓದುವುದಿಲ್ಲ.

ಮೀಡಿಯಾ ಕ್ವೆರಿಯಲ್ಲೂ ಆಸ್ಪೆಕ್ಟ್-ರೇಷಿಯೋ ಇದೆಯಲ್ಲ, ಅದೂ ಇದೂ ಒಂದೇ?

ಹೆಸರು ಮಾತ್ರ ಒಂದೇ. ಅದು ಬ್ರೌಸರ್ ಕಿಟಕಿಯ ಆಕಾರವನ್ನು ಕೇಳಿ ತಿಳಿಯುವುದಕ್ಕೆ, ಎಲಿಮೆಂಟ್‌ನ ಆಕಾರವನ್ನು ಗೊತ್ತುಪಡಿಸುವುದಕ್ಕಲ್ಲ.

ಹಳೆಯ ಫೋನ್‌ಗಳಲ್ಲಿ ಏನಾಗುತ್ತದೆ?

ಆಂಡ್ರಾಯ್ಡ್‌ನಲ್ಲಿ ಕ್ರೋಮ್ ಪ್ಲೇಸ್ಟೋರ್ ಮೂಲಕ ಬೇರೆಯಾಗಿಯೇ ಅಪ್‌ಡೇಟ್ ಆಗುವುದರಿಂದ ಫೋನ್ ಹಳೆಯದಾದರೂ ಬ್ರೌಸರ್ ಸಾಮಾನ್ಯವಾಗಿ 88ನ್ನು ದಾಟಿರುತ್ತದೆ. ತೊಂದರೆ ಇರುವುದು ಹಳೆಯ ಐಫೋನ್‌ಗಳಲ್ಲಿ. ಐಫೋನ್ 5ಎಸ್ ಮತ್ತು ಐಫೋನ್ 6 ಐಓಎಸ್ 12ಕ್ಕೇ ನಿಂತಿವೆ, ಅವುಗಳಿಗೆ ಸಫಾರಿ 15 ಬರುವುದಿಲ್ಲ. ಆ ಫೋನ್‌ಗಳ ಕ್ರೋಮ್ ಕೂಡ ಒಳಗೆ ಸಫಾರಿಯ ಎಂಜಿನ್ನನ್ನೇ ಬಳಸುವುದರಿಂದ ಬ್ರೌಸರ್ ಬದಲಾಯಿಸಿ ಪ್ರಯೋಜನವಿಲ್ಲ.

ಅಂತಹ ಓದುಗರು ನಿಮಗೆ ಇದ್ದರೆ ಸಪೋರ್ಟ್ಸ್ ನಿಯಮದೊಳಗೆ (ಬ್ರೌಸರ್‌ಗೆ ಒಂದು ಪ್ರಾಪರ್ಟಿ ತಿಳಿದಿದೆಯೇ ಎಂದು ನೋಡುವ ನಿಯಮ ಅದು) ‘ನಾಟ್ (ಆಸ್ಪೆಕ್ಟ್-ರೇಷಿಯೋ: 1 / 1)’ ಎಂದು ಬರೆದು ಹಳೆಯ 56.25% ಉಪಾಯವನ್ನು ಅಲ್ಲಿಡಿ. ಅಥವಾ ಮುಖ್ಯ ವಿಡಿಯೊಗಳ ಐಫ್ರೇಮ್‌ಗೆ ಆಸ್ಪೆಕ್ಟ್-ರೇಷಿಯೋ ಬರೆದು, ಸಪೋರ್ಟ್ಸ್ ನಿಯಮದಲ್ಲಿ ‘ಹೈಟ್: 56.25ವಿಡಬ್ಲ್ಯೂ’ (ಪರದೆಯ ಅಗಲದ 56.25%) ಎಂದಷ್ಟೇ ಕೊಟ್ಟರೂ ನಡೆಯುತ್ತದೆ. ಫೋನ್‌ನಲ್ಲಿ ವಿಡಿಯೊ ಹೇಗೂ ಪರದೆಯ ಪೂರ್ತಿ ಅಗಲಕ್ಕೆ ಇರುತ್ತದೆ, ಅಂಚು ಬಿಟ್ಟಿದ್ದರೆ ಮೇಲೆ ಕೆಳಗೆ ಒಂದಿಷ್ಟು ಕಪ್ಪು ಪಟ್ಟಿ ಕಾಣಬಹುದು. ಅಷ್ಟಕ್ಕೆ ನಾನಂತೂ ತಲೆ ಕೆಡಿಸಿಕೊಳ್ಳುವುದಿಲ್ಲ.